ಹುಲ್ಲಿಗೆ ಬೆನ್ನು ಮಾಡಿ ಕೂತವರು

ನೆರಳುಶಕೆ ನೂರಾ ನಲವತ್ತೊಂದು, ಎರಡನೆಯ ಬೇಸಿಗೆ, ಕಾರಹುಣ್ಣಿಮೆಯ ಹಿಂದಿನ ದಿನ, ಇಳಿಹೊತ್ತು.

ನಮಗಿಂತ ಮೊದಲು ಈ ನೆಲದ ಮೇಲೆ ಓಡಾಡಿದ ನಿಮಗೆ, ಕೂಗುನೆಲದ ಕಿವಿಸಾಕ್ಷಿ ಸುಂಕಮ್ಮನ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದು ನೀವು ಕಂಡಂಥದ್ದು, ಎರಡನೆಯದು ನೀವು ಬಿಟ್ಟುಹೋದದ್ದು. ನಿಮ್ಮ ಲೆಕ್ಕದಲ್ಲಿ ಇದು ಯಾವ ಇಸವಿ ಎಂದು ಬರೆದರೆ ಹಿಂದಂಚೆಯವರು ಆ ಸಾಲಿಗೆ ಮಸಿ ಬಳಿಯುತ್ತಾರೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನಕ್ಕೆಲ್ಲ ಒಂದೇ ಪತ್ರ. ಬಹಳ ಜನ ಅದನ್ನು ತೀರಿಹೋದ ತಾಯಿಗೋ, ಕೈತಪ್ಪಿದ ಪ್ರೀತಿಗೋ ಬರೆದು ಮುಗಿಸುತ್ತಾರೆ. ನಾನು ಮುಖಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ ಎಂದು ಊರಿನವರಿಗೆ ಗೊತ್ತಾದರೆ ನಗುತ್ತಾರೆ. ಇವತ್ತಿನವರೆಗೆ ಯಾರ ಪತ್ರಕ್ಕೂ ಉತ್ತರ ಬಂದದ್ದಿಲ್ಲ. ಅಂಚೆಯವರು ನಮ್ಮ ಕಾಗದಗಳನ್ನು ಒಲೆಗೆ ಹಾಕಿ ಚಹಾ ಕಾಸಿಕೊಳ್ಳುತ್ತಾರೆ ಎಂಬ ಗುಮಾನಿ ನನಗಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕಲಿತವಳು, ಅವುಗಳಲ್ಲಿ ಅರ್ಧ ಬರೀ ಜಾಹೀರಾತು.

ನಾನು ಸುಲಭಕ್ಕೆ ನಂಬುವವಳಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಹಾಲಿನವನು ಹಾಲು ಅಳೆಯುವಾಗ ಅವನ ಹೆಬ್ಬೆರಳು ಎಲ್ಲಿದೆ ಎಂದು ನೋಡುವ ಜಾತಿ ನನ್ನದು. ನಿಮ್ಮ ಬಗ್ಗೆಯಂತೂ ನನಗೆ ಬಹಳ ಅನುಮಾನ. ನಿಮ್ಮ ಕಾಲದ ಚಿತ್ರಗಳನ್ನು ನೋಡಿದ್ದೇನೆ. ವರ್ಷಕ್ಕೊಂದು ದಿನ ಬಯಲಿಗೆ ಹೋಗಿ ಗುಂಡಿ ತೋಡಿ, ಒಂದು ಸಸಿಗೆ ಎಂಟು ಜನ ಕೈ ಹಚ್ಚಿ, ನಗುತ್ತ ನಿಂತಿದ್ದೀರಿ. ಎರಡನೆಯ ದಿನ ಅದಕ್ಕೆ ನೀರು ಹಾಕುತ್ತಿರುವವರ ಚಿತ್ರ ಒಂದೂ ಸಿಗಲಿಲ್ಲ. ಅದೂ ಹೋಗಲಿ, ಆ ಬಯಲು ಯಾಕೆ ಬಯಲಾಗಿದೆ ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಅನುಮಾನ ಬರಲಿಲ್ಲವೆ? ಮರವಿಲ್ಲದ ನೆಲ ಎಂದರೆ ಕೆಟ್ಟ ನೆಲ ಎಂದುಕೊಂಡಿರಿ. ನಿಮ್ಮ ಪಹಣಿಯಲ್ಲಿ ಅದಕ್ಕೆ ಖರಾಬು ಎಂದೇ ಹೆಸರು. ತೋಳ ಮರಿ ಹಾಕುವುದು, ಹುಲ್ಲೆಕರ ಓಡುವುದು, ಎರೆಭೂತ ಮೊಟ್ಟೆ ಇಡುವುದು ಆ ಖರಾಬಿನಲ್ಲೇ ಎಂದು ನಿಮಗೆ ಹೇಳಿದವರು ಇದ್ದರಂತೆ. ಅವರ ಮಾತು ನಿಮಗೆ ರುಚಿಸಲಿಲ್ಲ.

ಎರೆಭೂತ ಎಂದರೆ ದೆವ್ವವಲ್ಲ, ಹಕ್ಕಿ. ಎರೆಹೊಲದ ಕರಿಮಣ್ಣಿನಲ್ಲಿ ಮೊಣಕಾಲೆತ್ತರದ ಹುಲ್ಲಿನ ನಡುವೆ ಕತ್ತು ಎತ್ತಿ ನಿಂತು, ನೋಡುನೋಡುತ್ತಿದ್ದಂತೆ ಇಲ್ಲದಂತಾಗುತ್ತಿತ್ತು ಎಂದು ಆ ಹೆಸರು. ಕುರಿಮರಿಯಷ್ಟು ತೂಕವಂತೆ. ವರ್ಷಕ್ಕೆ ಒಂದೇ ಮೊಟ್ಟೆಯಂತೆ, ಅದನ್ನೂ ಗೂಡು ಕಟ್ಟದೆ ಬರಿ ನೆಲದ ಮೇಲೆ ಇಡುತ್ತಿತ್ತಂತೆ. ಇಷ್ಟೊಂದು ಅಂತೆಕಂತೆಗಳು ಯಾಕೆಂದರೆ ನಾನು ಅದನ್ನು ನೋಡಿಲ್ಲ. ನನ್ನ ಅವ್ವನೂ ನೋಡಿಲ್ಲ. ನಮ್ಮಲ್ಲಿ ಬದುಕಿರುವ ಯಾರೂ ನೋಡಿಲ್ಲ, ನೋಡುವುದಕ್ಕೆ ಅಪ್ಪಣೆಯೂ ಇಲ್ಲ.

ಇದನ್ನು ವಿವರಿಸಬೇಕಾದರೆ ನಮ್ಮ ದಿನಚರಿಯನ್ನೇ ಹೇಳಬೇಕು. ನಾವು ಹೊತ್ತೇರಿದ ಮೇಲೆ ಹೊರಗೆ ಇರುವುದಿಲ್ಲ. ನಿಮ್ಮ ಹಿರಿಯರು ಜೋಳ ಕೆಡದಂತೆ ನೆಲದಡಿಯ ಹಗೇವಿನಲ್ಲಿ ಇಡುತ್ತಿದ್ದರಲ್ಲ, ನಾವು ಅದೇ ಹಗೇವುಗಳನ್ನು ಅಗಲ ಮಾಡಿ ನಮ್ಮನ್ನೇ ಇಟ್ಟುಕೊಂಡಿದ್ದೇವೆ. ಮಧ್ಯಾಹ್ನ ಅಡುಗೆ, ಮಲಗುವುದು, ಮಕ್ಕಳ ಪಾಠ, ಜಗಳ ಎಲ್ಲ ನೆಲದಡಿಯಲ್ಲಿ. ಇಳಿಹೊತ್ತಿಗೆ ಮೇಲೆ ಬಂದು ಉಸಿರಾಡುತ್ತೇವೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮಾತ್ರ ಬದಲಾಗಿಲ್ಲ, ಅಷ್ಟು ಸಮಾಧಾನ ಪಟ್ಟುಕೊಳ್ಳಿ. ಇಂಥ ಬಿಸಿಲಿನಲ್ಲಿ ನೆರಳೇ ದೇವರಾಗುವುದು ಸಹಜ. ದೇವರು ಬಂದ ಮೇಲೆ ಪೂಜಾರಿಗಳು ಬಂದರು, ಅವರ ಹೆಸರು ನೆರಳು ಮಂಡಳಿ. ಬೋಳಾಗಿ ಕಂಡ ನೆಲವನ್ನೆಲ್ಲ ಮಂಡಳಿ ತೆಗೆದುಕೊಳ್ಳುತ್ತದೆ, ಸಾಲಾಗಿ ಒಂದೇ ಜಾತಿಯ ಮರ ನೆಡುತ್ತದೆ. ಆ ಮರಗಳ ಕೆಳಗೆ ತಂಪೇನೋ ಇದೆ. ಆದರೆ ಒಂದು ಕೌಜುಗ ಕೂಗುವುದಿಲ್ಲ, ಒಂದು ಇರುವೆ ಸಾಲು ಕಾಣುವುದಿಲ್ಲ. ನಾನು ಒಮ್ಮೆ ಅಲ್ಲಿ ಬುತ್ತಿ ಬಿಚ್ಚಿ ಕೂತೆ, ಚೆಲ್ಲಿದ ಅಗುಳನ್ನು ಎತ್ತಿಕೊಂಡು ಹೋಗಲು ಒಂದು ಜೀವವೂ ಬರಲಿಲ್ಲ. ಹೆದರಿ ಎದ್ದು ಬಂದೆ.

ಮಂಡಳಿಯ ಕಾನೂನಿಗೆ ಒಂದೇ ಒಂದು ಕಿಂಡಿ ಇದೆ. ಎರೆಭೂತದ ಗಂಡು, ಕಾರಹುಣ್ಣಿಮೆಯ ಹೊತ್ತಿಗೆ, ಮೊದಲ ಮಳೆಯ ವಾಸನೆಗೆ ಗಂಟಲು ಉಬ್ಬಿಸಿ ಹೂಂ ಎಂದು ಕೂಗುತ್ತದೆ. ಆ ಕೂಗು ಕೇಳಿದ ನೆಲಕ್ಕೆ ಕೂಗುನೆಲ ಎಂದು ಹೆಸರು, ಅದನ್ನು ಒಂದು ವರ್ಷ ಮುಟ್ಟುವಂತಿಲ್ಲ. ಮುಂದಿನ ಕಾರಹುಣ್ಣಿಮೆಗೆ ಮತ್ತೆ ಕೇಳಿಸಬೇಕು. ಕೇಳಿಸಿತು ಎಂದು ಹೇಳುವವರು ಕಿವಿಸಾಕ್ಷಿಗಳು. ನಾವು ಹುಲ್ಲಿನ ಅಂಚಿನ ಏರಿಯ ಮೇಲೆ, ಹುಲ್ಲಿಗೆ ಬೆನ್ನು ಮಾಡಿ ಕೂರಬೇಕು. ತಿರುಗಿದರೆ ಸಾಕ್ಷಿ ರದ್ದು. ಈ ವಿಚಿತ್ರ ಕಟ್ಟಳೆಗೆ ಕಾರಣ ನೀವೇ. ಕೊನೆಯ ಹಕ್ಕಿಗಳನ್ನು ನೋಡುವ ಆಸೆಗೆ ನೀವು ಗಾಡಿ ಮಾಡಿಕೊಂಡು, ಕ್ಯಾಮೆರಾ ಹೊತ್ತು, ಮೊಟ್ಟೆಯ ಹತ್ತಿರದವರೆಗೆ ಹೋದಿರಂತೆ. ಹಕ್ಕಿ ಎದ್ದುಹೋಯಿತು, ಮೊಟ್ಟೆ ಬಿಸಿಲಿಗೆ ಬೆಂದುಹೋಯಿತು. ಇನ್ನೆಷ್ಟೋ ಹಕ್ಕಿಗಳು ಕರೆಂಟಿನ ತಂತಿಗೆ ಬಡಿದು ಸತ್ತವು. ಆಮೇಲೆ ಬಂದವರು ಬುದ್ಧಿ ಕಲಿತರು, ಆದರೆ ಅತಿಯಾಗಿ ಕಲಿತರು. ಯಾರೂ ಒಳಗೆ ಹೋಗಬಾರದು, ಯಾರೂ ನೋಡಬಾರದು ಎಂದು ಬರೆದಿಟ್ಟರು. ಮೊದಮೊದಲು ಕುರಿಗಳಿಗೂ ಅಡ್ಡಿ ಇತ್ತು. ಮೇಯುವ ಬಾಯಿ ಇಲ್ಲದೆ ಹುಲ್ಲು ಕೊಳೆತು, ಜಾಲಿ ಒಳಗೆ ನುಗ್ಗಿತು. ಈಗ ಕುರಿಗಳು ಒಳಗೆ ಹೋಗುತ್ತವೆ, ಕುರಿಯವರು ಏರಿಯ ಮೇಲೆ ಬೆನ್ನು ಮಾಡಿ ಕೂತು ಸಿಳ್ಳೆ ಹಾಕುತ್ತಾರೆ. ನಗಬೇಡಿ, ಅದರಿಂದಲೇ ಹುಲ್ಲು ಉಳಿದಿದೆ.

ನಮ್ಮ ಕೂಗುನೆಲದ ಈಚೆ ನಮ್ಮೂರು, ಆಚೆ ಇನ್ನೊಂದು ಊರು. ಎರಡೂ ಕಡೆ ಏರಿ ಇದೆ, ಎರಡೂ ಕಡೆ ಸಾಕ್ಷಿಗಳಿದ್ದಾರೆ. ಅಡ್ಡ ಹಾಯ್ದರೆ ಹತ್ತಿರ, ಆದರೆ ಹಾಯುವಂತಿಲ್ಲ. ಸುತ್ತು ಹಾಕಿ ಹೋದರೆ ಹೊತ್ತು ಮುಳುಗುತ್ತದೆ. ಹಕ್ಕಿ ನಮ್ಮ ಕಡೆಯದು, ಇಲ್ಲ ನಮ್ಮ ಕಡೆಯದು ಎಂಬ ಹಟದಲ್ಲಿ ಎರಡು ಊರಿನ ನಡುವೆ ಹೆಣ್ಣು ಕೊಟ್ಟು ತರುವುದೂ ನಿಂತಿದೆ.

ನಾನು ಕಿವಿಸಾಕ್ಷಿಯಾದ ಮೊದಲ ವರ್ಷವೇ ನನಗೆ ಅನುಮಾನ ಬಂತು. ಮಂಡಳಿಯ ಅಧಿಕಾರಿ ಬಂದು, ಮೊಣಕಾಲು ಒತ್ತಿಕೊಳ್ಳುತ್ತ ಕೂತು, ಚಹಾ ಕುಡಿದು ಲೋಟ ಕೆಳಗಿಟ್ಟ. ಆಗ ನಮ್ಮ ಬೆನ್ನ ಹಿಂದೆ ಕೂಗು ಎದ್ದಿತು. ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದ, ತೆಳ್ಳಗೆ, ಇನ್ನೊಂದು ಕೂಗು. ಉಳಿದವರು ಕೈ ಮುಗಿದರು. ನಾನು ಮಾತ್ರ ಇದೇನು, ಕಚೇರಿ ಹೊತ್ತಿಗೆ ಸರಿಯಾಗಿ ಬರುವ ಹಕ್ಕಿ ಎಂದುಕೊಂಡೆ. ಎರಡನೆಯ ವರ್ಷ ಅಧಿಕಾರಿ ತಡವಾಗಿ ಬಂದ, ಹಕ್ಕಿಯೂ ತಡಮಾಡಿತು. ಮನೆಗೆ ಬಂದರೆ ನನ್ನ ಸೋದರಮಾವ ಗಾದಿಲಿಂಗಪ್ಪನ ದನಿ ಬಿದ್ದುಹೋಗಿತ್ತು, ಬಿಸಿನೀರಿಗೆ ಬೆಲ್ಲ ಹಾಕಿಕೊಂಡು ಗುಟುಕರಿಸುತ್ತಿದ್ದ. ಸಾಕ್ಷಿಯ ಬೆಳಗ್ಗೆ ಮಾತ್ರ ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮನೆಯ ಮೂಲೆಯಲ್ಲಿ ಸಣ್ಣ ಬಾಯಿಯ ಒಂದು ಗಡಿಗೆ ನೇತಾಡುತ್ತಿತ್ತು, ಅದರಲ್ಲಿ ಯಾರೂ ಏನೂ ಇಡುತ್ತಿರಲಿಲ್ಲ. ಆದರೂ ಅದರ ಬಾಯಂಚು ದಿನಾ ಬಳಸಿದಂತೆ ನುಣುಪಾಗಿತ್ತು.

ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಭಯ. ಕೂಗುನೆಲ ಹೋದರೆ ಹೋಗುವುದು ಹಕ್ಕಿಯೊಂದೇ ಅಲ್ಲ. ಕಾನೂನು ಲೆಕ್ಕಕ್ಕೆ ಹಿಡಿಯದ ನೂರು ಜೀವ ಆ ಹುಲ್ಲಿನಲ್ಲಿದೆ. ಒಂದು ಮುಂಜಾನೆ ಏರಿ ದಾಟಿ ಒಂದು ತೋಳ ನನ್ನೆದುರಿಗೇ ದಾರಿಗೆ ಬಂತು. ಮೊಲೆ ಜೋತಿದ್ದವು, ಪಕ್ಕೆಲುಬು ಎಣಿಸುವಂತಿದ್ದವು. ನನ್ನನ್ನು ಒಂದು ಸಲ ನೋಡಿತು, ಇವಳನ್ನು ನಂಬಬಹುದೇ ಎಂದು ಯೋಚಿಸುವಂತೆ ನಿಂತಿತು, ಆಮೇಲೆ ಹೊರಟುಹೋಯಿತು. ಅಷ್ಟು ಅನುಮಾನದ ಕಣ್ಣನ್ನು ನಾನು ಕನ್ನಡಿಯಲ್ಲಿ ಮಾತ್ರ ಕಂಡಿದ್ದೆ. ಅವತ್ತಿನಿಂದ ಆ ತೋಳದ ಮೇಲೆ ನನಗೆ ತಂಗಿಯ ಮೇಲಿನಂಥ ಪ್ರೀತಿ. ಅದರ ಬಿಲದ ಮೇಲೆ ಸಾಲುಮರ ನೆಡುತ್ತಾರೆ ಎಂದು ನೆನೆದರೆ ರಾತ್ರಿಯಲ್ಲೂ ಎದ್ದು ಏರಿಯವರೆಗೆ ಹೋಗಿ ಬರುತ್ತೇನೆ.

ಹೋದ ವರ್ಷ ಮಾವನಿಗೆ ಕೆಮ್ಮು ಹತ್ತಿತ್ತು. ಕೂಗು ಎದ್ದು, ನಡುವೆ ಮುರಿದು, ಮತ್ತೆ ಎದ್ದಿತು. ಅಧಿಕಾರಿ ನನ್ನ ಕಡೆ ನೋಡಿ, ನಿಮ್ಮ ಹಕ್ಕಿಗೆ ನೆಗಡಿಯಾದಂತಿದೆ ಎಂದ. ಅವನೂ ನನ್ನ ಜಾತಿಯವನೇ, ನಂಬುವವನಲ್ಲ. ಆ ವರ್ಷಕ್ಕೆ ಸಾಕ್ಷಿ ಒಪ್ಪಿಕೊಂಡ, ಆದರೆ ಮುಂದಿನ ಸಲ ಕೂಗಳತೆ ತರುವುದಾಗಿ ಹೇಳಿ ಹೋದ. ಕೂಗಳತೆ ಒಂದು ಯಂತ್ರ. ಬಂದ ಸದ್ದು ಗಂಟಲಿನದೋ, ಮಣ್ಣಿನದೋ, ಲೋಹದ್ದೋ ಎಂದು ತಕ್ಷಣ ಹೇಳುತ್ತದೆ. ಸುಳ್ಳು ಕೂಗು ಎಂದು ಗೊತ್ತಾದ ನೆಲಕ್ಕೆ ಮತ್ತೆಂದೂ ಸಾಕ್ಷಿಯ ಹಕ್ಕಿಲ್ಲ.

ಈ ಬೇಸಿಗೆಯಲ್ಲಿ ಮಾವ ಹಗೇವಿನ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ. ಹಾಸಿಗೆ ಹಿಡಿದವನ ಮುಂದೆ ಒಂದು ದಿನ ನಾನು ಆ ಗಡಿಗೆಯನ್ನು ತಂದಿಟ್ಟೆ. ಅವನು ಗೋಡೆಯ ಕಡೆ ನೋಡಿದ, ಸೂರಿನ ಕಡೆ ನೋಡಿದ. ಕಡೆಗೆ, "ಹೌದವ್ವಾ, ನಾನಾ ಊದೀನಿ, ಏರಿ ಹಿಂದ ಅಡಗಿ, ಹುಲ್ಲಿಗೆ ಬೆನ್ನು ಮಾಡೇ ಊದೀನಿ. ನಮ್ಮಜ್ಜಿ ಸಣ್ಣಾಕಿದ್ದಾಗ ಖರೇ ಕೂಗು ಕೇಳಿದ್ಳು, ಆಕಿ ಕಲಿಸಿದ್ದು. ಆದ್ರ ಸುಳ್ಳು ನಂದಷ್ಟ. ಆಚಿ ಕಡಿಂದ ಓಗೊಡ್ತೈತಲ್ಲ, ಅದು ಖರೇ ಹಕ್ಕಿ. ಅದರ ಸಲುವಾಗಿನ ಊದ್ತೀನಿ. ನಾ ಪೂರಾ ನಿಲ್ಲಿಸಿದ್ರ ಅದೂ ಒಂದಿನ ಬಾಯಿ ಮುಚ್ಚತೈತಿ" ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಕೂಗಳತೆಯ ಸುದ್ದಿ ಹೇಳಿದೆ. ಅವನಿಗೆ ಹೆದರಿಕೆಯೇ ಆಗಲಿಲ್ಲ. ಯಂತ್ರ ಬರಲಿ, ಒಂದು ವರ್ಷ ತಾನು ಊದದಿದ್ದರೂ ಅದು ಕೂಗುತ್ತದೆ, ಖರೇ ಹಕ್ಕಿಗೆ ಯಾವ ಯಂತ್ರದ ಹೆದರಿಕೆ ಎಂದು ಮಗ್ಗುಲು ಬದಲಿಸಲು ಹೋಗಿ ನರಳಿದ.

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೆ ಸಂತೋಷಪಟ್ಟು ಸುಮ್ಮನಾಗುತ್ತಿದ್ದರು. ನನಗೆ ಆಚೆಯ ಕೂಗಿನ ಮೇಲೂ ಅನುಮಾನ. ಕಂಬಳಿ ಕೊಳ್ಳುವ ನೆಪ ಮಾಡಿಕೊಂಡು ಸುತ್ತು ಹಾಕಿ ಆಚೆಯ ಊರಿಗೆ ಹೋದೆ. ಏರಿಗೆ ಹತ್ತಿರದ ಮನೆ ಕಂಬಳಿ ನೇಯುವ ಮಾರೆಕ್ಕನದು, ವಯಸ್ಸಾದ ಹೆಂಗಸು, ಮಾತಿಗೊಮ್ಮೆ ಉಬ್ಬಸ. ಒಳಗೆ ಕರೆದು ನೀರು ಕೊಟ್ಟಳು. ಮಗ್ಗದ ಮೇಲೆ, ಗೂಟಕ್ಕೆ, ಸಣ್ಣ ಬಾಯಿಯ ಗಡಿಗೆಯೊಂದು ನೇತಾಡುತ್ತಿತ್ತು. ನಾನು ಅದರ ಕಡೆ ನೋಡಿದೆ ಅಷ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮಾರೆಕ್ಕ ಸೆರಗಿನಿಂದ ತುಟಿ ಒರೆಸಿಕೊಂಡಳು. ಆಮೇಲೆ ಬಾಗಿಲು ಮುಂದೆ ಮಾಡಿ ನನ್ನ ಕೈ ಹಿಡಿದಳು. "ಯಾರ ಮುಂದೂ ಆಡಬ್ಯಾಡ ತಂಗಿ. ನಮ್ಮ ಕಡಿ ಹಕ್ಕಿ ಯಾವಾಗೋ ಹೋಗೈತಿ. ಖರೇ ಹಕ್ಕಿ ಇರೂದು ನಿಮ್ಮ ಕಡಿ. ಎದುರಿಗೆ ಇನ್ನೊಂದು ಗಂಡು ಇಲ್ಲಂದ್ರ ಅದು ಕೂಗೂದು ಬಿಡ್ತೈತಿ. ಒಂಟಿ ಜೀವ, ಬ್ಯಾಸರ ಆಗಬಾರ್ದಂತ ನಾ ಓಗೊಡ್ತೀನಿ" ಎಂದಳು.

ನಾನು ಕಂಬಳಿ ಹೊತ್ತುಕೊಂಡು ಹಿಂತಿರುಗಿದೆ. ದಾರಿಯಲ್ಲಿ ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಒಟ್ಟಿಗೆ. ಇಷ್ಟು ವರ್ಷ ಎರಡು ಗಡಿಗೆಗಳು ಒಂದಕ್ಕೊಂದು ಓಗೊಡುತ್ತಿದ್ದವು. ಒಬ್ಬೊಬ್ಬರೂ ತಾನೊಬ್ಬನೇ ಸುಳ್ಳ, ತಾನೊಬ್ಬಳೇ ಸುಳ್ಳಿ, ಎದುರಿನದು ನಿಜ ಎಂದು ನಂಬಿ, ಆ ನಿಜವನ್ನು ಉಳಿಸಲು ಎದೆ ಬಿರಿಯುವಂತೆ ಊದಿದರು. ಒಬ್ಬರಾದರೂ ಒಂದು ಸಲ ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ತಿರುಗಬಾರದು ಎಂಬ ಕಟ್ಟಳೆಯನ್ನು ಮಾತ್ರ ಇಬ್ಬರೂ ನಿಷ್ಠೆಯಿಂದ ಪಾಲಿಸಿದರು. ನನ್ನ ಅನುಮಾನವೆಲ್ಲ ನಿಜವಾಯಿತು, ಅದರಿಂದ ನನಗೆ ಒಂದಿಷ್ಟೂ ಸುಖವಾಗಲಿಲ್ಲ.

ಇಬ್ಬರಿಗೂ ನಾನು ಹೇಳಿಲ್ಲ. ಈ ಸಲ ಊದಬೇಡ, ಯಂತ್ರ ಬರುತ್ತಿದೆ, ಹಕ್ಕಿ ತಾನೇ ಕೂಗಿಕೊಳ್ಳಲಿ ಎಂದು ಮಾರೆಕ್ಕನಿಗೆ ಹೇಳಿದ್ದೇನೆ. ಅವಳು ನಿರಾಳವಾಗಿ ಹೂಂ ಅಂದಳು, ಅವಳ ಎದೆಗೂಡಿನಲ್ಲಿ ಇನ್ನು ಉಸಿರೂ ಉಳಿದಿಲ್ಲ. ಮಾವ ನಿನ್ನೆಯಿಂದ ಹಬ್ಬಕ್ಕೆ ಕಾಯುವವನಂತೆ ಇದ್ದಾನೆ. ನಾಳೆ ಬಂದು ಹಕ್ಕಿ ಹೇಗೆ ಕೂಗಿತು ಎಂದು ಬಿಡದೆ ಹೇಳಬೇಕಂತೆ. ಇಷ್ಟಾದರೂ ನಾನು ಅವನನ್ನು ನಂಬಿಲ್ಲ, ತೆವಳಿಕೊಂಡಾದರೂ ಹೋಗಿ ಊದಿಬಿಡುವ ಮನುಷ್ಯ. ಅದಕ್ಕೆ ಗಡಿಗೆಗೆ ಕಂಠಮಟ್ಟ ಜೋಳ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ನನ್ನ ತಲೆದೆಸೆಯಲ್ಲಿ ಇಟ್ಟುಕೊಂಡಿದ್ದೇನೆ.

ಈಗ ಉಳಿದವರು ನೀವು. ನಂಬಿಕೆಯಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ, ಬೇರೆ ದಾರಿಯಿಲ್ಲದೆ ಬರೆಯುತ್ತಿದ್ದೇನೆ. ಹಿಂದಂಚೆಯವರ ಒಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಪತ್ರ ತಲುಪಿದರೂ, ಇಲ್ಲಿ ಯಾರಾದರೂ ಕಣ್ಣಾರೆ ಕಂಡದ್ದು ಬದಲಾಗುವುದಿಲ್ಲವಂತೆ. ಸತ್ತವರು ಎದ್ದು ಬರುವುದಿಲ್ಲ, ಕಡಿದ ಕಾಡು ಚಿಗುರುವುದಿಲ್ಲ. ಯಾರೂ ನೋಡದೆ ಬಿಟ್ಟದ್ದು ಮಾತ್ರ ಬದಲಾಗಬಹುದಂತೆ. ಅದನ್ನು ಕೇಳಿದಾಗ ಎಂದಿನಂತೆ, ಇದೂ ಒಂದು ಮೋಸವಿರಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು, ನಮ್ಮ ಹುಲ್ಲಿನ ಒಳಗೆ ಯಾರೂ ನೋಡಿಲ್ಲ. ಅಜ್ಜಿಯ ಕಾಲದಿಂದ ನಾವೆಲ್ಲ ಬೆನ್ನು ಮಾಡಿಯೇ ಕೂತಿದ್ದೇವೆ. ಅಲ್ಲಿ ಹಕ್ಕಿ ಇಲ್ಲ ಎಂದು ಕಂಡವರು ಒಬ್ಬರೂ ಇಲ್ಲ.

ಆದ್ದರಿಂದ ಕೇಳಿ. ನಮ್ಮ ಕೂಗುನೆಲ ನಿಮ್ಮ ಕಾಲದಲ್ಲೂ ಇದೆ. ಎರೆಯ ಸೀಮೆಯಲ್ಲಿ, ಒಂದು ಕಲ್ಲುದಿಬ್ಬದ ಪಕ್ಕದಲ್ಲಿ, ಯಾರಿಗೂ ಬೇಡವಾಗಿ ಬಿದ್ದಿದೆ. ಅದು ಯಾವ ಊರಿನ ಮಗ್ಗುಲಲ್ಲಿದೆ ಎಂದು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಕ್ಯಾಮೆರಾ ತೆಗೆದುಕೊಂಡು ಬರುತ್ತೀರಿ, ಇನ್ನರ್ಧ ಜನ ಸಸಿ ತೆಗೆದುಕೊಂಡು ಬರುತ್ತೀರಿ. ಯಾವುದೆಂದು ಗೊತ್ತಿಲ್ಲದ ಮೇಲೆ ನಿಮಗೆ ಉಳಿದಿರುವುದು ಒಂದೇ ಉಪಾಯ, ಅಂಥ ನೆಲ ಎಲ್ಲೆಲ್ಲಿದೆಯೋ ಎಲ್ಲವನ್ನೂ ಉಳಿಸುವುದು. ಅದನ್ನು ಖರಾಬು ಎನ್ನಬೇಡಿ. ಅದಕ್ಕೆ ನೆರಳಿನ ದಾನ ಮಾಡಬೇಡಿ. ಕುರಿಗಳು ಬರಲಿ, ಮೇದು ಹೋಗಲಿ. ಅದರ ಮೇಲೆ ತಂತಿ ಎಳೆಯುವವರು ಬಂದರೆ ಅಡ್ಡ ನಿಂತು ಜಗಳವಾಡಿ, ಜಗಳವಾಡಲು ನಿಮಗೆ ಬರುತ್ತದೆ ಎಂದು ಕೇಳಿದ್ದೇನೆ. ಕಾರಹುಣ್ಣಿಮೆಯ ಹೊತ್ತಿಗೆ ಅಲ್ಲಿ ನಡೆಯಬೇಕಾಗಿ ಬಂದರೆ ನೆಲ ನೋಡಿಕೊಂಡು ಕಾಲಿಡಿ. ಒಂದೇ ಒಂದು ಮೊಟ್ಟೆ, ಮಣ್ಣಿನ ಬಣ್ಣದ್ದು, ನಿಮ್ಮ ಹೆಜ್ಜೆಯ ಮುಂದೆ ಇರಬಹುದು. ದೂರದಲ್ಲಿ ಕತ್ತೆತ್ತಿ ನಿಂತದ್ದು ಕಂಡರೆ ಹತ್ತಿರ ಹೋಗಬೇಡಿ, ನಿಂತಲ್ಲೇ ನಿಂತು ಕಣ್ಣು ತುಂಬ ನೋಡಿ. ನೋಡುವ ಭಾಗ್ಯ ನಿಮಗಿದೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ, ಮುಚ್ಚುಮರೆಯಿಲ್ಲ.

ಇದನ್ನು ಓದಿ ನೀವು ಏನು ಮಾಡಿದಿರಿ ಎಂದು ನನಗೆ ಯಾರೂ ತಿಳಿಸುವುದಿಲ್ಲ, ಆದರೆ ಪರೀಕ್ಷೆ ಮಾಡುವ ದಾರಿಯೊಂದನ್ನು ನಾನೇ ಮಾಡಿಕೊಂಡಿದ್ದೇನೆ. ನಾಳೆ ಬೆಳಕು ಹರಿಯುವ ಮೊದಲು ಏರಿಯ ಮೇಲೆ ಹುಲ್ಲಿಗೆ ಬೆನ್ನು ಮಾಡಿ ಕೂರುತ್ತೇನೆ. ಪಕ್ಕದಲ್ಲಿ ಅಧಿಕಾರಿ, ಅವನ ತೊಡೆಯ ಮೇಲೆ ಕೂಗಳತೆ. ಮಾವನಿಗೆ ಏಳಲಾಗದು. ಮಾರೆಕ್ಕನಿಗೆ ಉಸಿರಿಲ್ಲ. ಗಡಿಗೆಯ ತುಂಬ ಜೋಳವಿದೆ. ಅಧಿಕಾರಿ ಚಹಾ ಕುಡಿದು ಲೋಟ ಕೆಳಗಿಡುತ್ತಾನೆ, ನಾನು ಉಸಿರು ಹಿಡಿದು ಕಾಯುತ್ತೇನೆ. ಏನೇ ಆದರೂ ತಿರುಗುವುದಿಲ್ಲ. ಆಗ ನನ್ನ ಬೆನ್ನ ಹಿಂದೆ ಕೂಗು ಎದ್ದರೆ, ಈ ಪತ್ರ ನಿಮ್ಮ ಕೈ ಸೇರಿತ್ತು ಎಂದು ತಿಳಿಯುತ್ತೇನೆ.

ಸುಂಕಮ್ಮ